ಷರಾ

ನೋಂದಣಿ ಪುಸ್ತಕದಲ್ಲಿ ಐದು ಕಲಮು:
ಕ್ರಮಸಂಖ್ಯೆ, ವಸ್ತು, ಕೊಟ್ಟವರು,
ಕವಿ ಬಳಸಿದ್ದೇ, ಷರಾ.
ನಾಲ್ಕನೆಯದರಲ್ಲಿ ಬೆಳಗಿನಿಂದ
‘ಇಲ್ಲ’ ಎಂದೇ ಬರೆಯುತ್ತಿದ್ದೇನೆ.

ಮಂಚ ಪಿಳ್ಳಪ್ಪನದು. ಅವರ ಮಾವ ತೀರಿಕೊಂಡದ್ದು ಅದರ ಮೇಲೆ.
ಕವಿ ಮಲಗುತ್ತಿದ್ದದ್ದು ಚಾಪೆಯಲ್ಲಿ.
ಕನ್ನಡಕ ಬಸ್‌ಸ್ಟ್ಯಾಂಡಿನ ಅಂಗಡಿಯದು,
ನಂಬರು ಮಾತ್ರ ಅವರದೇ, ಚೀಟಿ ಇತ್ತಂತೆ.
ಕೊಡೆ ತಂದ ಹುಡುಗ ಹೇಳಿದ:
‘ನಮ್ ತಾತ ಇದನ್ನ ಅವ್ರಿಗೆ ಕೊಡ್ಬೇಕು ಅಂತಿದ್ರು. ಕೊಡ್ಲಿಲ್ಲ.’
ಅದನ್ನೂ ತೆಗೆದುಕೊಂಡೆ.

ಹೀಗೆ ತುಂಬುತ್ತಿದೆ ಶಿಡ್ಲಘಟ್ಟದಲ್ಲಿ
ಹಳೇ ಕಚೇರಿಯ ಮೂಲೆಕೋಣೆ.
ಬಾಡಿಗೆಮನೆಯಲ್ಲಿ ಮೂವತ್ತು ವರ್ಷ
ಒಂದು ಟ್ರಂಕಿನಷ್ಟು ಬದುಕಿದವರಿಗೆ
ಈಗ ಮೂರು ಕುರ್ಚಿ.
ಟ್ರಂಕು ಸಿಗಲಿಲ್ಲ. ತಮ್ಮನ ಮಗ ಗುಜರಿಗೆ ಹಾಕಿದ,
ಒಳಗಿದ್ದ ಕಾಗದ ಬೇರೆ ತೂಗಿಸಿ.

ಬಯ್ಯಣ್ಣ, ಗೂಡಿನ ಮಾರ್ಕೆಟ್ಟಿನಲ್ಲಿ ತೂಕದವರು.
ಬರೆದದ್ದೆಲ್ಲ ತೂಕದ ಚೀಟಿಯ ಬೆನ್ನಿಗೆ.
ಮುಂದೆ ಲಾಟು, ಕೆ.ಜಿ., ಗ್ರಾಂ,
ಹಿಂದೆ ನಾಲ್ಕು ಸಾಲು,
ಸೊಪ್ಪು ಕೊಯ್ಯುವ ಹೆಂಗಸಿನ
ಹಸಿರು ಹತ್ತಿದ ಹೆಬ್ಬೆರಳಿನ ಮೇಲೆ.
ರೈತರು ಅದರಲ್ಲಿ ಎಲೆಅಡಿಕೆ ಸುತ್ತಿದರು,
ಜೇಬಿನಲ್ಲಿಟ್ಟು ಪಂಚೆ ಒಗೆದರು, ಕಳೆದರು.
ಉಳಿದವು ಹದಿನೇಳು. ಗಾಜಿನಡಿ ಇಡಬೇಕು.
ಯಾವ ಮುಖ ಮೇಲೆ ಎನ್ನುವುದು
ಕಮಿಟಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಮೂರು ಗಂಟೆಗೆ ಟೆಂಪೋ ಬಂತು.
ಇಳಿಸಿದರು ಹಳೆಯ ತಕ್ಕಡಿ,
ಗಡಿಯಾರದ ಮುಖದ್ದು, ಇಬ್ಬರು ಹಿಡಿದು.
ತಟ್ಟೆ ಒರೆಸಿದೆ. ಏನೂ ಇಲ್ಲ ಅದರಲ್ಲಿ.
ಮುಳ್ಳು ಇನ್ನೂರು ಗ್ರಾಮಿನ ಮೇಲೆ ನಿಂತಿತ್ತು.

‘ಅವತ್ತೂ ಹಂಗೇ’ ಅಂದರು ಜುಲೇಖಾಬಿ,
ನಾಲ್ಕು ಬೇಸಿನ್ನು ಇಟ್ಟು ನೂಲು ತೆಗೆಸಿದವರು.
‘ರಿಪೇರಿ ಮಾಡ್ಸಪ್ಪಾ ಅಂದ್ರೆ ನಗ್ತಿದ್ದ.
ಲಾಟಿಗೆ ಇನ್ನೂರು ಗ್ರಾಂ ರೈತನ ಕಡೆ.
ಕೊಟ್ಟಿದ್ದು ಯಾರ ದುಡ್ಡು? ನಮ್ದು.
ಕವಿ ಅಂತೆ, ಕವಿ!’
ಅನ್ನುತ್ತಲೇ ಸೆರಗು ಎಳೆದು
ತಟ್ಟೆಯನ್ನು ಇನ್ನೊಮ್ಮೆ ಒರೆಸಿದರು,
ನಾನು ಬಿಟ್ಟಿದ್ದ ಅಂಚಿನಲ್ಲಿ.

ಕಮಿಟಿಯಲ್ಲೊಬ್ಬರು ಅಳತೆ-ತೂಕದ ಇಲಾಖೆಯಲ್ಲಿದ್ದು ನಿವೃತ್ತರು.
ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು:
‘ಎರಡು ನಿಮಿಷದ ಕೆಲಸ ರೀ.’

ನಾನು ಪುಸ್ತಕ ಎಳೆದುಕೊಂಡೆ.

ಕ್ರಮಸಂಖ್ಯೆ ಇಪ್ಪತ್ತಮೂರು. ತಕ್ಕಡಿ, ಒಂದು.
ಕವಿ ಬಳಸಿದ್ದೇ: ಹೌದು.
ಷರಾ: ಸರಿಮಾಡತಕ್ಕದ್ದಲ್ಲ.