ಏಳು ಮಾರು ನೀರು

ಮೇಣ ಕರಗಲು ಇಪ್ಪತ್ತು ನಿಮಿಷ.
ಅಷ್ಟರೊಳಗೆ ರೋಹಿದಾಸ ತಾಂಡೇಲರ ಬಲಗೈಯನ್ನು
ದಿಂಬಿನ ಮೇಲಿಟ್ಟು, ಕೋನಮಾಪಕದ
ಒಂದು ಕಡ್ಡಿ ತೋಳಿಗೆ, ಒಂದು ಕಡ್ಡಿ ಮುಂಗೈಗೆ.
"ಚಾಚಿ."
ಚಾಚಿದರು. ಮೂವತ್ತಕ್ಕೆ ನಿಂತಿತು,
ಕಾಳಿ ಸೇತುವೆಯ ಮೇಲೆ ಕೆಟ್ಟು ನಿಂತ ಲಾರಿಯ ಹಾಗೆ.

ಬೈತಖೋಲ ಧಕ್ಕೆಯ ಪಾಚಿಗೆ ಕಾಲು ಜಾರಿದ್ದು ಕಾರ್ತಿಕದಲ್ಲಿ.
ಬೀಳುವವನು ಅಂಗೈ ಊರುತ್ತಾನೆ;
ಅಂಗೈ ತನ್ನ ಪೆಟ್ಟನ್ನು ತಾನಿಟ್ಟುಕೊಳ್ಳದೆ
ಮೇಲಕ್ಕೆ ದಾಟಿಸುತ್ತದೆ.
ಮೊಣಕೈಯೊಳಗೆ ಕೋಟಿನ ಗುಂಡಿಯಷ್ಟು ಒಂದು ತಲೆ,
ಅಂಗೈ ಮಗುಚಿದಾಗಲೆಲ್ಲ ತಿರುಗುವ ಎಲುಬಿನದು;
ಅದು ಬಿರಿಯಿತು.

ಪೂರ್ತಿ ಚಾಚಲಾಗದ ಕೈಗೆ ಒಂದು ಎಕ್ಸ್‌ರೇ,
ನಮ್ಮಲ್ಲಿ ಅದು ಮೊದಲ ಪಾಠ.
ಅವರು ಹೋದದ್ದು ಅಂಕೋಲೆಯಾಚೆ, ಎಲುಬು ಕಟ್ಟುವವರಲ್ಲಿಗೆ.
ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರ ಸೀಳು,
ನಲವತ್ತು ದಿನ.
ಬಿಚ್ಚಿದ ಮೇಲೆ ಹೆಂಡತಿ ಎಣ್ಣೆ ಕಾಯಿಸಿ ನೀವಿದಳು,
ಗಂಡ ಹಲ್ಲು ಕಚ್ಚುವಷ್ಟು, ತಾನು ಅಳುವಷ್ಟು.

ಬೈಯಲಿಲ್ಲ ನಾನು. ಹೇಳಿದೆನಷ್ಟೆ:
ಮೊಣಕೈ ಮುಂಗೋಪದ ಕೀಲು, ಬಲವಂತ ಸೇರದು,
ತಿಕ್ಕಿದರೆ ಮಾಂಸದೊಳಗೆ ಎಲುಬು ಬೆಳೆಸಿ ಕೂರುತ್ತದೆ.
ಎಣ್ಣೆ ಒಗ್ಗರಣೆಗಿರಲಿ, ಶೇವಂತಿಬಾಯಿ.
ಆಕೆ ತನ್ನ ಅಂಗೈಗಳನ್ನು ನೋಡಿಕೊಂಡಳು.

ಎಲುಬಿನ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದರು
(ಪೆಟ್ಟಿಗೆಯ ಟ್ಯೂಬು ಹೋಗಿ ತಿಂಗಳಾಗಿದೆ).
ಎಲುಬುಗಳ ಸಂದಿಯಿಂದ ಕಡಲ ಬೆಳಕು ಬಂತು.
"ಕೂಡಿದೆ. ಕೊಯ್ಯುವುದೇನೂ ಬೇಡ.
ಮೂವತ್ತರಿಂದ ನೂರ ಮೂವತ್ತು, ಜೀವನಕ್ಕೆ ಸಾಕು.
ತುತ್ತು ಬಾಯಿಗೆ ಹೋಗುತ್ತದೆ,
ತಲೆ ಬಾಚಬಹುದು, ಫೋನು ಹಿಡಿಯಬಹುದು."
ಪುಸ್ತಕದಲ್ಲೂ ಹಾಗೇ ಇದೆ. ಓದಿ ಪಾಸಾದವಳು ನಾನು.

ತಾಂಡೇಲರು ಚೀಲದಿಂದ ಹಗ್ಗ ತೆಗೆದರು,
ತುದಿಗೆ ಸೀಸದ ಗುಂಡು.
ಎರಡೂ ಕೈ ಅಗಲಿಸಿ ಎದೆಗಡ್ಡ ಹಿಡಿದು
ಒಂದು ಮಾರು, ಎರಡು...
"ಬಾಯಿ, ದೇವಗಡದ ದೀಪಕ್ಕೆ ಪಡುವಣ ಒಂದು ಕಲ್ಲಿದೆ,
ಏಳು ಮಾರು ನೀರು. ಅಪ್ಪ ಕೊಟ್ಟ ಲೆಕ್ಕ.
ಗೋಬ್ರ ಅಲ್ಲೇ ಕೂತಿರುತ್ತದೆ, ಮುದುಕನ ಹಾಗೆ, ಎದ್ದು ಬರುವುದಿಲ್ಲ.
ಈಗ ಮಾರಿಗೆ ನಾಲ್ಕು ಬೆರಳು ಕಡಿಮೆ,
ಏಳಕ್ಕೆ ಒಂದು ಮೊಳದ ಮೇಲೆ ನಾಲ್ಕು ಬೆರಳು.
ಎಣಿಕೆ ಮುಗಿದರೂ ಗುಂಡು ನೆಲ ಕಾಣುವುದಿಲ್ಲ.
ಸಮುದ್ರ ನನಗೊಬ್ಬನಿಗೇ ಆಳವಾಗಿದೆ."

ಮಗನ ದೋಣಿಯಲ್ಲಿ ಯಂತ್ರವಿದೆಯಂತೆ, ಆಳ ತೋರಿಸುತ್ತದಂತೆ.
"ಮೀಟರಿನಲ್ಲಿ. ನನಗೆ ಮೀಟರಿನಲ್ಲಿ ಮೀನು ಕಾಣುವುದಿಲ್ಲ."

ಬಿಸಿ ಮೇಣ.
ರಾತ್ರಿ ಕಟ್ಟಿ ಮಲಗಲು ಪಟ್ಟಿ, ವಾರಕ್ಕೊಂದು ತೂತು ಬಿಗಿ.
ನೀರು ತುಂಬಿದ ಬಾಟಲಿ ಹಿಡಿದು
ಮೇಜಿನ ಅಂಚಿಗೆ ಕೈ ಇಳಿಬಿಟ್ಟು ಕಾಯುವುದು;
ಕಾಯುವುದನ್ನು ನಾನು ಅವರಿಗೆ ಕಲಿಸಬೇಕಿರಲಿಲ್ಲ.
ಇಪ್ಪತ್ತಾರು.
ಇಪ್ಪತ್ತೆರಡು.
ಮುಂದಿನ ವಾರವೂ ಇಪ್ಪತ್ತೆರಡು.
ಒಮ್ಮೆ ಇಪ್ಪತ್ನಾಲ್ಕು: ಕದ್ದು ಎಣ್ಣೆ ಹಾಕಿಸಿಕೊಂಡಿದ್ದರು, ವಾಸನೆ ಹೇಳಿತು.
ಹದಿನೆಂಟು.
ಹೋಳಿಯ ಹೊತ್ತಿಗೆ ಹನ್ನೆರಡು.
ಅಲ್ಲಿಂದಾಚೆ ಇಲ್ಲ.

"ಇನ್ನು ಬರಲಿಕ್ಕಿಲ್ಲ" ಎಂದೆ.
ಮೊಣಕೈಗೆ ಬೆಲ್ಲ ಸವರಿ ಕಳಿಸುವ ಮಾತು
ಮೊಣಕೈ ನೋಡುವವಳಿಗೆ ಆಡಲಾಗುವುದಿಲ್ಲ.
ಅವರು ಹಗ್ಗ ಅಳೆದರು, ತುಟಿಯಲ್ಲೇ ಲೆಕ್ಕ ಹಾಕಿದರು:
"ಮಾರಿಗೆ ಅರೆಬೆರಳು. ಏಳಕ್ಕೆ ಮೂರೂವರೆ.
ಇರಲಿ, ಭರತದ ನೀರು ಎಂದುಕೊಳ್ಳುತ್ತೇನೆ."

ಆಮೇಲೆ ಹಗ್ಗದ ತುದಿ ನನ್ನ ಕೈಗಿತ್ತು
"ನೀವು ಚಾಚಿ" ಎಂದರು.
ಚಾಚಿದೆ. ನನ್ನ ಮಾರು ಅವರದಕ್ಕಿಂತ ಒಂದು ಗೇಣು ಗಿಡ್ಡ.
"ಹಾಗಾದರೆ ನಿಮಗೆ ಆ ಕಲ್ಲಿಗೆ ಎಂಟು, ಬಾಯಿ.
ನೆನಪಿಟ್ಟುಕೊಳ್ಳಿ."
ಹೆಬ್ಬೆರಳಿಗೂ ಮೊಣಕೈಗೂ ಹಗ್ಗ ಸುತ್ತತೊಡಗಿದರು,
ಅದೇ ಕೈಗೆ.