ಹವಾ ತೆಗೆಯುವುದು

ಅಮೆರಾತಿನ ಇಳಿಜಾರಿನಲ್ಲಿ ಗುರುವಾರ ರಾತ್ರಿ
ಕಾಲಡಿಯ ಪೆಡಲು ನೆನೆದ ಅವಲಕ್ಕಿಯಂತೆ ಮೆತ್ತಗೆ ಕುಸಿಯಿತು.
ಗೇರು ಇಳಿಸಿ, ಹ್ಯಾಂಡ್‌ಬ್ರೇಕು ಎಳೆದೆಳೆದು
ಹೇಗೋ ಮನೆ ಮುಟ್ಟಿದೆ.
ಇಪ್ಪತ್ತು ವರ್ಷದ ಕೊರೊಲ್ಲಾ, ಅದರ ತಪ್ಪಿಲ್ಲ,
ಬ್ರೇಕಿನ ಎಣ್ಣೆ ಬದಲಿಸಿದ್ದು ಯಾವಾಗ
ಎಂದು ನನ್ನನ್ನು ಕೇಳಬೇಡಿ.

ಶುಕ್ರವಾರ. ಗ್ಯಾರೇಜಿನ ಶಟರು ಕೆಳಗೆ.
ಇದು ಇಬ್ಬರ ಕೆಲಸ, ಒಬ್ಬ ಒಳಗೆ, ಒಬ್ಬ ಅಡಿಗೆ;
ಒಳಗೆ ಕೂರುವ ವಿಲ್ಫ್ರೆಡ್
ತಂಗಿಯ ರೋಸಿಗೆಂದು ಶಂಕರಪುರಕ್ಕೆ ಹೋಗಿದ್ದಾನೆ.

ಗೋಡೆಯಾಚೆ ಮೇಕೆಗಳಿಗೆ ಒಣರೊಟ್ಟಿ ಮುರಿಯುತ್ತಿದ್ದ
ಮನೆಯೊಡತಿ ಉಮ್ಮ್ ಜುಮಾ ಇಣುಕಿದರು:
'ಕ್ಯಾ ಮುಶ್ಕಿಲ್, ಬದ್ಮನಾಬಾ?'
ಅವರ ನಾಲಿಗೆಗೆ ಪಕಾರ ಒಗ್ಗದು.
ಏಳು ವರ್ಷದಿಂದ ನಾನೂ ಓಗೊಟ್ಟು ಓಗೊಟ್ಟು
ಬದ್ಮನಾಬನೇ ಆಗಿದ್ದೇನೆ.

ಒಂದು ಕಾಲು ಬೇಕಿತ್ತು, ಅಂದೆ.
ರೊಟ್ಟಿಯ ಪುಡಿ ಕೊಡವಿ, ಚಪ್ಪಲಿ ಹೊರಗೆ ಬಿಟ್ಟು,
ದೇವರ ಮನೆ ಹೊಕ್ಕಂತೆ ಹೊಕ್ಕರು ಡ್ರೈವರ್ ಸೀಟಿಗೆ.
ಎರಡೂ ಕೈ ಸ್ಟೇರಿಂಗಿನ ಮೇಲೆ.
ಕೈ ಬೇಡ ಅಮ್ಮಾ, ಎನ್ನಲು ಹೋಗಿ ಸುಮ್ಮನಾದೆ.

ಬಲ ಹಿಂದಿನ ಚಕ್ರದಿಂದ ಶುರು, ದೂರದ್ದು ಮೊದಲು.
ನಿಪ್ಪಲಿಗೆ ಪೈಪು, ಪೈಪಿನ ತುದಿ ಲಬಾನಿನ ಖಾಲಿ ಬಾಟಲಿಗೆ.
'ಒತ್ತಿ' ಅಂದೆ, 'ಹಿಡಿಯಿರಿ' ಅಂದೆ,
ಅಷ್ಟರಲ್ಲಿ ಸ್ಪ್ಯಾನರು ಜಾರಿತು.
ಗಾಡಿಯ ಅಡಿಯಲ್ಲಿ ಬಹುವಚನಕ್ಕೆ ಜಾಗವಿಲ್ಲ.
ನನ್ನ ಅಜ್ಜಿಯ ವಯಸ್ಸಿನವರಿಗೆ
ಅಂಗಾತ ಮಲಗಿ ಏಕವಚನದಲ್ಲಿ ಕೂಗಿದೆ:
ಒತ್ತು. ಹಿಡಿ. ಬಿಡು.

'ಒತ್ತು' ಎಂದು ಮೇಲಿನಿಂದ ಮರುದನಿ.
'ಹಿದಿ.' 'ಬಿದು.'
ಕಾಫಿ ಕಷಾಯದಂಥ ಎಣ್ಣೆ, ನಡುನಡುವೆ ಗುಳ್ಳೆ,
ಸಾಸಿವೆಯಷ್ಟು, ಮೆಂತ್ಯದಷ್ಟು,
ಆಮೇಲೆ ಒಂದು ದೊಡ್ಡದು,
ತೇಗಿದ ಹಾಗೆ.

ಏನು ತೆಗೆಯುತ್ತಿದ್ದೀ, ಕೇಳಿದರು.
ನನ್ನ ಅರಬಿ ಅಂಗಡಿಯ ಲೆಕ್ಕದಷ್ಟೇ. ತಡವರಿಸಿ
'ಹವಾ' ಅಂದೆ.
'ಹವಾ!' ಎಂದು ಅವರೂ ಅಂದರು, ಅಂದು ನಕ್ಕರು,
ಸೀಟಿನ ಸ್ಪ್ರಿಂಗು ಕಿರುಗುಟ್ಟುವಷ್ಟು.
ಸೈಕಲ್ಲಿಗೆ ಪಂಪು ಹೊಡೆಯುವಾಗ ನಾವಾಡುವ ಮಾತು
ಇವರಿಗೆ ಯಾರು ಕಲಿಸಿದರು ಎಂದು ನಾನು,
ನಮ್ಮ ಮಾತು ಇವನಿಗೆ ಹೇಗೆ ಎಂದು ಅವರು.
ಆ ಮಾತಿಗೆ ಪ್ರೀತಿ ಎಂಬರ್ಥವೂ ಉಂಟೆಂದು
ಸಂಜೆ ಮೊಮ್ಮಗ ಹೇಳಿದ.

ಎಡ ಹಿಂದಿನದು ಮುಗಿಸುವಾಗ ತಾವಾಗಿ ಹೇಳಿದರು:
ಗಂಡನಿಗೆ ಮೂವತ್ತು ವರ್ಷ ಪಿಕಪ್ ಇತ್ತಂತೆ,
ಖರ್ಜೂರ, ಒಣಮೀನು, ಕುರಿ, ನೆರೆಯ ಬಸುರಿ,
ಎಲ್ಲ ಹತ್ತಿದ್ದುಂಟು ಅದರಲ್ಲಿ.
'ಈ ಕಡೆ ಸೀಟಿಗೆ ನಾನು ಇವತ್ತು.'
ನಾನು ಏನೂ ಹೇಳಲಿಲ್ಲ. ನಿಪ್ಪಲು ಬಿಗಿದೆ.
ಡಬ್ಬಿಯಲ್ಲಿ ಎಣ್ಣೆ ತಳ ಕಾಣುವ ಮೊದಲೇ ತುಂಬಿದೆ,
ಬಾನೆಟ್ಟಿನ ಬಣ್ಣಕ್ಕೆ ಬಿದ್ದ ಹನಿಯನ್ನು ನೀರೆರಚಿ ತೊಳೆದೆ.

ಕೊನೆಯ ಚಕ್ರ. ಗುಳ್ಳೆ ನಿಂತಿತು, ಎಣ್ಣೆ ಜೇನಾಯಿತು.
'ಈಗ?'
ಒತ್ತು, ಅಂದೆ.
'ಹಜರ್', ಕಲ್ಲು, ಅಂದರು.
ಹಿಡಿ, ಅಂದೆ.

ಬಾಟಲಿಗೆ ಮುಚ್ಚಳ ಹಾಕಿ, ಜಾಕು ಇಳಿಸಿ,
ನಲ್ಲಿಯ ಬಿಸಿನೀರಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿ,
ಟೀ ಇಟ್ಟು, ಎರಡು ಲೋಟ ಹಿಡಿದು ಬಂದರೆ
ಮೇಕೆಯೊಂದು ಚಪ್ಪಲಿಯ ಬಾರು ಅಗಿಯುತ್ತಿದೆ.
ಉಮ್ಮ್ ಜುಮಾ ಗಾಜಿನಾಚೆ ಬೋಳು ಗುಡ್ಡ ನೋಡುತ್ತ,
ಕಾಲು ಒತ್ತಿ ಹಿಡಿದೇ ಕೂತಿದ್ದಾರೆ.

ಬಿಡು ಅಂದಿರಲಿಲ್ಲ ನಾನು.