ಸುಂಕದಕಟ್ಟೆ

ನಾಲ್ಕು ಡಾಲರಿಗೆ ಕೊಂಡ ಸ್ಟೂಲು ಇದು.
ಸೀಟಿನ ರೆಕ್ಸಿನ್ನು ಎಡಗಡೆ ಮಾತ್ರ ಸವೆದಿದೆ:
ಇಪ್ಪತ್ತಾರು ವರ್ಷ ವರ್ನೆಲ್ ಟಿಬಿಟ್ಸ್
ಎಡಗಡೆಯ ಕಿಟಕಿಗೇ ವಾಲಿ ಕೂತಿದ್ದಳು,
ಅಂಗೈ ಚಾಚಿ.

ಒರ್ಲ್ಯಾಂಡೊದಲ್ಲಿ ಒಂದು ಶನಿವಾರ,
ಗ್ಯಾರೇಜಿನ ಮುಂದೆ ಹಳೆ ಸಾಮಾನು ಹರಡಿಕೊಂಡು
"ಬೆನ್ನು ನೋಯುತ್ತೆ, ಮೊದಲೇ ಹೇಳಿದ್ದೀನಿ" ಎಂದು
ಐದು ಕೇಳಿ ನಾಲ್ಕಕ್ಕೆ ಇಳಿದಳು.

ರಸ್ತೆಗಿಂತ ಮುಂಚೆ ಅಲ್ಲಿ
ಕಿತ್ತಳೆ ತೋಟದ ಕೊನೆಯ ಸಾಲು, ಎರಡು ಚರ್ಚು,
ಒಂದು ಕ್ಷೌರದಂಗಡಿ, ಅವಳಜ್ಜಿಯ ತಗಡಿನ ಮನೆ.
ನಕ್ಷೆಯ ಮೇಲೆ ಯಾರೋ ಅಡಿಪಟ್ಟಿ ಇಟ್ಟು ಗೆರೆ ಎಳೆದರು.
ಪೆನ್ಸಿಲ್ಲಿಗೆ ಮನೆ ಅಡ್ಡ ಬರುವುದಿಲ್ಲ.
ಕೆರೆಯ ಹತ್ತಿರ ಮಾತ್ರ ಗೆರೆ ಕೊಂಚ ಬಾಗಿತ್ತು;
ಆ ದಡದಲ್ಲಿ ಡಾಕ್ಟರುಗಳ ಬಂಗಲೆಗಳಿದ್ದವು.

ವರ್ನೆಲ್‌ಗೆ ಆಗ ಹನ್ನೊಂದು.
ಬ್ಯಾಂಡು, ರಿಬ್ಬನ್ನು, ಬಿಸಿಲಲ್ಲಿ ಭಾಷಣ:
ಮೂವತ್ತು ವರ್ಷದ ಸಾಲ, ತೀರಿದ ದಿನ
ಸುಂಕದ ಗೂಡುಗಳನ್ನು ಕಿತ್ತು ಹಾಕುತ್ತೇವೆ, ರಸ್ತೆ ನಿಮ್ಮದೇ.
ನಾಲ್ಕು ಲೇನು. ಒಂದು ಸಲಕ್ಕೆ ಕಾಲು ಡಾಲರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ ನಾವು.
ಇಲ್ಲಿ ಕಾಲು ಚಾಚಿದ ಮೇಲೆ ಹಾಸಿಗೆ ಹೊಲಿದರು.
ನಾಲ್ಕು ಆರಾಯಿತು, ಆರು ಎಂಟು,
ನಡುವಿನ ಹುಲ್ಲು ಹೋಯಿತು, ಓಕ್ ಮರಗಳು ಹೋದವು,
ಹಳೆ ಸಾಲದ ಹೊಟ್ಟೆಯಲ್ಲಿ ಹೊಸ ಸಾಲ.
ಅಗಲವಾದ ಮರುವರ್ಷವೇ
ಮತ್ತೆ ಅದೇ ಬ್ರೇಕ್ ದೀಪಗಳ ಕೆಂಪು,
ಎರಡು ಸಾಲು ಹೆಚ್ಚು.

ಮೂರನೇ ಗೂಡು, ಅಜ್ಜಿಯ ಅಡುಗೆಮನೆ ಇದ್ದ ಜಾಗ,
ಎಂದು ನಾನು ಮನಸ್ಸಿನಲ್ಲೇ ಬರೆದುಕೊಳ್ಳುವಷ್ಟರಲ್ಲಿ ತಡೆದಳು:
"ಅಡುಗೆಮನೆಯೋ, ಪಕ್ಕದವರ ಕೋಳಿಗೂಡೋ, ಯಾರಿಗೆ ಗೊತ್ತು.
ಕೆಲಸಕ್ಕೆ ಇನ್ಶೂರೆನ್ಸ್ ಇತ್ತು, ಸೇರಿದೆ."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ,
ನಮ್ಮ ಗಾದೆ, ಬಿಡಿಸಿ ಹೇಳಿದೆ.
ನಕ್ಕಳು, ಭುಜ ಕುಣಿಯುವ ಹಾಗೆ. "ಹೇಳದೆ ಹೋದವರು ಯಾರು?"
ಬೆಳಗಿನ ಜಾವ ನಾಲ್ಕಕ್ಕೆ ಡೋನಟ್ ಅಂಗಡಿಯ ಹುಡುಗ,
ನಾಣ್ಯಕ್ಕೂ ಹಿಟ್ಟು ಮೆತ್ತಿರುತ್ತಿತ್ತು.
ಮೊಲದ ವೇಷದ ತಲೆಯನ್ನು ಪಕ್ಕದ ಸೀಟಿಗೆ ಬೆಲ್ಟು ಹಾಕಿ ಕೂರಿಸಿ
ಅಳುತ್ತ ಬಂದ ಹೆಂಗಸು.
ಕೂಸು ಉಳಿಯಲಿಲ್ಲ ಎಂದಷ್ಟೇ ಹೇಳಿ
ಚಿಲ್ಲರೆ ಮರೆತು ಗಾಜು ಏರಿಸಿಕೊಂಡವನು.
"ಎಂಟು ಸೆಕೆಂಡು. ಅಷ್ಟರೊಳಗೆ ಏನು ಹೇಳಲಿ?
ಗುಡ್ ಮಾರ್ನಿಂಗ್ ಬೇಬಿ ಅಂದೆ.
ಎಲ್ಲರಿಗೂ ಅದೇ. ರಾತ್ರಿಯಲ್ಲೂ."

ಆಮೇಲೆ ಗಾಜಿಗಂಟಿಸುವ ಚೀಟಿ ಬಂತು, ನಿಲ್ಲುವುದು ನಿಂತಿತು.
ಕಂಬದ ಮೇಲಿನ ಕ್ಯಾಮರಾಕ್ಕೆ ನಂಬರು ಸಾಕು, ಮುಖ ಬೇಡ.
ಸಾಲ ತೀರುವ ಮೊದಲೇ ಗೂಡುಗಳು ಹೋದವು, ಮಾತಿನಂತೆ;
ಸುಂಕ ಹೋಗಲಿಲ್ಲ.
ಅವಿದ್ದ ಜಾಗದಲ್ಲಿ ಇನ್ನೆರಡು ಲೇನು. ಈಗ ಹತ್ತು.
ಸಾಲ ಎರಡು ಸಾವಿರದ ನಲವತ್ತೆಂಟಕ್ಕೆ ಮುಗಿಯುತ್ತದಂತೆ.
ಹೋದ ಸಲ ಮೂವತ್ತೆರಡು ಅಂದಿದ್ದರು.

ಬೆಂಗಳೂರಲ್ಲಿ ಸುಂಕದಕಟ್ಟೆ ಅಂತ ಬಸ್ ಸ್ಟಾಪಿದೆ.
ಯಾರು ವಸೂಲಿ ಮಾಡಿದರೋ,
ಗಾಡಿಯ ಎತ್ತುಗಳು ಎಲ್ಲಿ ಮುಕ್ಕರಿಸಿ ನಿಂತವೋ,
ಹೆಸರಂತೂ ಕಂಡಕ್ಟರನ ಬಾಯಲ್ಲಿ ಉಳಿದಿದೆ.
ಇಲ್ಲಿ ಅದೂ ಇಲ್ಲ. ಮೈಲಿ ಹನ್ನೊಂದು ಅಂತ ಹಸಿರು ಹಲಗೆ.

ಸ್ಟೂಲಿನ ಜೊತೆ ಬಿಸ್ಕತ್ತಿನ ಡಬ್ಬಿಯನ್ನೂ ಮುಂದಿಟ್ಟಳು,
ಮಾರಲಿಕ್ಕಲ್ಲ, ತೋರಿಸಲಿಕ್ಕೆ.
ನಾಣ್ಯದ ಬುಟ್ಟಿಗೆ ಜನ ಎಸೆದು ಪಾರಾದದ್ದೆಲ್ಲ:
ಕೋಟಿನ ಗುಂಡಿ, ಲಾಂಡ್ರಿಯ ಬಿಲ್ಲೆ, ಕೆನಡಾದ ಜಿಂಕೆ,
ಮತ್ತೆ ಇದು, ಹೆಬ್ಬೆರಳಿಂದ ಉಜ್ಜಿ ಕೊಟ್ಟಳು.
ಎರಡು ತೆನೆಗಳ ನಡುವೆ ಒಂದು.
ನಮ್ಮವನೇ ಯಾರೋ, ಕತ್ತಲಲ್ಲಿ
ಅಳತೆ ಸರಿ ಹೋಗುತ್ತದೆಂದು ಲೆಕ್ಕ ಹಾಕಿದವನು.

"ಎಷ್ಟಾಗುತ್ತೆ ಇದಕ್ಕೆ?"
ಒಂದು ಸೆಂಟು, ಮೇಲೆ ಚೂರುಪಾರು ಎಂದೆ.
"ಹಾಗಾದರೆ ಇಪ್ಪತ್ತನಾಲ್ಕು ಬಾಕಿ,"
ಅಂಗೈ ಚಾಚಿದಳು, ಎಡಕ್ಕೆ ವಾಲಿ.

ನನ್ನ ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ.